ಮಗು ಬಿದ್ದು ಅಳುತ್ತಾ ಬಂತಾ? ಮೊದಲು ನಲ್ಲಿ ತಿರುಗಿಸಿ

ಸಂಜೆ ಐದೂವರೆಗೆ ಗೇಟು ಧಡ್ ಅಂತ ತೆರೆದ ಸದ್ದು, ಅದರ ಹಿಂದೆಯೇ ಜೋರು ಅಳು. ಹೋಗಿ ನೋಡಿದರೆ ಮೊಣಕಾಲಿನ ಚರ್ಮ ಕಿತ್ತಿದೆ, ಮಣ್ಣು ರಕ್ತ ಸೇರಿ ಕೆಸರಾಗಿದೆ, ಎರಡು ಸಣ್ಣ ಕಲ್ಲು ಅದರೊಳಗೇ ಕೂತಿವೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಆಗಾಗ ನಡೆಯುವುದೇ. ಆಗ ನಮ್ಮ ಕಾಲು ತಾನಾಗಿ ಅಡುಗೆಮನೆ ಕಡೆ ಓಡುತ್ತದೆ. ಅರಿಶಿನ, ಕಾಫಿಪುಡಿ, ಸಕ್ಕರೆ, ಸುಣ್ಣ, ಯಾರ ಮನೆಯಲ್ಲಿ ಏನು ರೂಢಿಯೋ ಅದು.

ನನ್ನ ಮಗನಿಗೆ ನಾಲ್ಕು ವರ್ಷವಿದ್ದಾಗ ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿಯ ಮೇಲೆ ಬಿದ್ದ. ಗಾಬರಿಯಲ್ಲಿ ನಾನೇ ಒಂದು ಹಿಡಿ ಕಾಫಿಪುಡಿ ತಂದು ಒತ್ತಿದೆ. ರಕ್ತವೇನೋ ನಿಂತ ಹಾಗೆ ಕಂಡಿತು. ಆದರೆ ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವ ಮುಂಚೆ ನರ್ಸ್ ಆ ಪುಡಿಯನ್ನೆಲ್ಲ ಚೂರುಚೂರೇ ತೊಳೆದು ತೆಗೆಯಬೇಕಾಯಿತು. ಬಿದ್ದಾಗ ಅತ್ತಿದ್ದಕ್ಕಿಂತ ಅವನು ಆಗ ಜಾಸ್ತಿ ಅತ್ತ. ಅವನ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ಆವತ್ತಿನಿಂದ ಗೆಳತಿಯರಿಗೆಲ್ಲ ಹೇಳುತ್ತಿರುವುದು ಒಂದೇ ಮಾತು. ಗಾಯಕ್ಕೆ ಏನು ಹಚ್ಚಲಿ ಅಂತ ಹುಡುಕಬೇಡಿ. ನೀರು ಬಿಡಿ, ಒತ್ತಿ ಹಿಡಿಯಿರಿ, ಕಾದು ನೋಡಿ.

ತರಚಿದ ಗಾಯಕ್ಕೆ ಏನು ಮಾಡಬೇಕು?

ಮೊದಲು ನಿಮ್ಮ ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ. ಆಮೇಲೆ ಮಗುವನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಗಾಯದ ಮೇಲೆ ಸಣ್ಣಗೆ ನೀರು ಬಿಡಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಧಾರೆಯಾಗಿ ಹುಯ್ದರೂ ಸರಿ, ಆದರೆ ಕುಡಿಯುವಂಥ ಶುದ್ಧ ನೀರು ಇರಲಿ, ಬಕೆಟ್‌ನಲ್ಲಿ ನಿಂತ ನೀರಿಗೆ ಕಾಲು ಅದ್ದುವುದು ಬೇಡ. ಒಂದೈದು ನಿಮಿಷ ಬಿಡಿ. ಮಣ್ಣು ತಾನಾಗಿಯೇ ಹೊರಡುತ್ತದೆ. ಸೋಪು ಗಾಯದ ಸುತ್ತಲಿನ ಚರ್ಮಕ್ಕೆ ಹಚ್ಚಿ. ಮೇಲೆ ಅಂಟಿಕೊಂಡ ಕಲ್ಲನ್ನು ಒದ್ದೆ ಬಟ್ಟೆಯಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಒರೆಸಿ ತೆಗೆಯಿರಿ. ಆಳಕ್ಕೆ ಹೊಕ್ಕಿದ್ದರೆ ಕೆದಕಬೇಡಿ, ಅದು ಡಾಕ್ಟರ ಕೆಲಸ.

ಆಮೇಲೆ ಗಾಜ್ ಬಟ್ಟೆಯೋ ಬ್ಯಾಂಡೇಜೋ ಹಾಕಿ ಮುಚ್ಚಿ. ‘ಗಾಯಕ್ಕೆ ಗಾಳಿ ಆಡಬೇಕು’ ಅನ್ನುವ ಮಾತು ನಮ್ಮಲ್ಲಿ ಬಹಳ ಇದೆ, ಆದರೆ ಮುಚ್ಚಿದ ಗಾಯವೇ ಬೇಗ ಮಾಯುತ್ತದೆ, ಧೂಳು ನೊಣ ಕೂರುವುದೂ ತಪ್ಪುತ್ತದೆ. ದಿನಕ್ಕೊಮ್ಮೆ ಬದಲಿಸಿ. ಒದ್ದೆಯಾದರೆ ಆಗಲೇ ಬದಲಿಸಿ.

ರಕ್ತ ಸುರಿಯುತ್ತಿದ್ದರೆ ತೊಳೆಯುವುದು ಆಮೇಲೆ, ಒತ್ತುವುದು ಮೊದಲು. ಒಗೆದ ಹತ್ತಿಬಟ್ಟೆ ಮಡಚಿ ಗಾಯದ ಮೇಲಿಟ್ಟು ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಎಲ್ಲರೂ ತಪ್ಪುವುದು ಇಲ್ಲೇ. ಅರ್ಧ ನಿಮಿಷಕ್ಕೊಮ್ಮೆ ‘ನಿಂತಿತಾ?’ ಅಂತ ಬಟ್ಟೆ ಎತ್ತಿ ನೋಡುತ್ತೇವೆ, ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಬಟ್ಟೆಯ ಜೊತೆಗೇ ಕಿತ್ತು ಬರುತ್ತದೆ, ಮತ್ತೆ ಮೊದಲಿನಿಂದ ಶುರು. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದಿಟ್ಟು ಒತ್ತಿ. ಗಾಜೋ ಮೊಳೆಯೋ ಚುಚ್ಚಿಕೊಂಡಿದ್ದರೆ ಮಾತ್ರ ಕೀಳಬೇಡಿ, ಅದರ ಮೇಲೆ ಒತ್ತಲೂಬೇಡಿ. ಎರಡು ಪಕ್ಕದಲ್ಲಿ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ಗಾಯ ಬಾಯಿ ಬಿಟ್ಟುಕೊಂಡಿದ್ದರೆ, ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಆಗಲೂ ಅಷ್ಟೇ.

ಪ್ರತಿ ಸಲ ಟಿಟಿ ಬೇಕಾ ಅಂತ ಕೇಳುವವರು ತಾಯಿ ಕಾರ್ಡ್ ತೆಗೆದು ನೋಡಿ. ಮಗುವಿಗೆ 6, 10, 14ನೇ ವಾರದಲ್ಲಿ, 16ರಿಂದ 24 ತಿಂಗಳ ನಡುವೆ, ಮತ್ತೆ 5-6 ವರ್ಷಕ್ಕೆ ಹಾಕುವ ಚುಚ್ಚುಮದ್ದಿನಲ್ಲೇ ಧನುರ್ವಾಯುವಿನ ಲಸಿಕೆಯೂ ಇರುತ್ತದೆ. ಅವೆಲ್ಲ ಸರಿಯಾಗಿ ಬಿದ್ದಿದ್ದರೆ ಸಣ್ಣ ತರಚುಗಾಯಕ್ಕೆ ಸಾಮಾನ್ಯವಾಗಿ ಬೇರೆ ಇಂಜೆಕ್ಷನ್ ಬೇಕಾಗುವುದಿಲ್ಲ. ಆಳವಾದ, ಕೊಳಕು ತುಂಬಿದ ಗಾಯವಾದರೆ ಕಾರ್ಡ್ ಜೊತೆಗೇ ಒಯ್ದು ಡಾಕ್ಟರಿಗೆ ತೋರಿಸಿ.

ಮೂಗಿನಲ್ಲಿ ರಕ್ತ ಬಂದರೆ

ತಲೆ ಹಿಂದಕ್ಕೆ ಬಾಗಿಸಬೇಡಿ. ರಕ್ತ ಗಂಟಲಿಗೆ ಇಳಿದು ಮಗು ವಾಂತಿ ಮಾಡಿಕೊಳ್ಳುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೂಳೆಯ ಕೆಳಗಿರುವ ಮೆತ್ತನೆ ಭಾಗವನ್ನು ಎರಡು ಬೆರಳಲ್ಲಿ ಹಿಂಡಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲು ಹೇಳಿ. ಇಲ್ಲೂ ಹತ್ತು ನಿಮಿಷ, ಬಿಡದೆ. ನಿಲ್ಲದಿದ್ದರೆ ಇನ್ನೊಂದು ಹತ್ತು ನಿಮಿಷ. ಆಗಲೂ ನಿಲ್ಲಲಿಲ್ಲ ಅಂದರೆ ಆಸ್ಪತ್ರೆ.

ತಲೆಗೆ ಪೆಟ್ಟು ಬಿದ್ದರೆ

ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದರೆ ತಾಯಿಯ ಜೀವ ಬಾಯಿಗೆ ಬರುತ್ತದೆ, ನನಗೆ ಗೊತ್ತು. ಆದರೆ ನೋಡಬೇಕಾದದ್ದು ಬುಗುಟೆಯ ಗಾತ್ರವನ್ನಲ್ಲ, ಮಗುವನ್ನು. ಬಿದ್ದ ತಕ್ಷಣ ಅತ್ತು, ಹತ್ತು ಹದಿನೈದು ನಿಮಿಷದಲ್ಲಿ ಸಮಾಧಾನವಾಗಿ, ಮತ್ತೆ ಆಟದ ಕಡೆ ಮನಸ್ಸು ತಿರುಗಿದರೆ ಒಳ್ಳೆಯ ಲಕ್ಷಣ. ಐಸನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಇಡಿ. ಐಸು ನೇರವಾಗಿ ಚರ್ಮಕ್ಕೆ ತಾಗಬಾರದು. ಬುಗುಟೆಯನ್ನು ಒತ್ತಿ ಉಜ್ಜುವುದು ಬೇಡ, ಒಳಗೆ ಇನ್ನಷ್ಟು ರಕ್ತ ಒಸರುತ್ತದೆ.

ಆಮೇಲೆ ಎರಡು ದಿನ ಕಣ್ಣಿಟ್ಟಿರಿ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ನಡೆಯುವಾಗ ತೂರಾಟ, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು, ಕಿವಿ ಮೂಗಿನಿಂದ ನೀರಿನಂಥದ್ದು ಅಥವಾ ರಕ್ತ ಸೋರುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಬಿದ್ದಾಗ ಒಂದು ಕ್ಷಣ ಪ್ರಜ್ಞೆ ತಪ್ಪಿದ್ದರೂ, ಮಗು ಒಂದು ವರ್ಷದೊಳಗಿನದಾಗಿದ್ದರೂ ಡಾಕ್ಟರಿಗೆ ತೋರಿಸಲೇಬೇಕು. ನಿದ್ದೆ ಮಾಡಲು ಬಿಡಬಾರದು ಅನ್ನುತ್ತಾರಲ್ವಾ? ಈ ಲಕ್ಷಣ ಯಾವುದೂ ಇಲ್ಲದಿದ್ದರೆ, ಮಲಗುವ ಹೊತ್ತಾಗಿದ್ದರೆ ಮಲಗಲಿ. ನಡುವೆ ಒಂದೆರಡು ಸಲ ಎಬ್ಬಿಸಿ, ಎಂದಿನಂತೆ ಕಣ್ಣು ಬಿಟ್ಟು ಗೊಣಗುತ್ತದಾ ನೋಡಿ.

ಕೈ ಎತ್ತುತ್ತಿಲ್ಲ

ಅಪ್ಪ ಒಂದು ಕಡೆ, ಮಾವ ಒಂದು ಕಡೆ, ಇಬ್ಬರೂ ಮಗುವಿನ ಒಂದೊಂದು ಮುಂಗೈ ಹಿಡಿದು ‘ಹೋಯ್’ ಅಂತ ಮೇಲೆತ್ತಿ ತೂಗುವ ಆಟ ಯಾರ ಮನೆಯಲ್ಲಿಲ್ಲ ಹೇಳಿ? ಐದು ವರ್ಷದೊಳಗಿನ ಮಕ್ಕಳಲ್ಲಿ ಮೊಣಕೈ ಕೀಲಿನ ಸುತ್ತಲಿನ ಪಟ್ಟಿ ಇನ್ನೂ ಸಡಿಲ ಇರುತ್ತದೆ. ಹಾಗೆ ಎಳೆದಾಗ ಮೂಳೆ ಅದರಿಂದ ಸ್ವಲ್ಪ ಜಾರುತ್ತದೆ. ಊತವಿಲ್ಲ, ಗಾಯವಿಲ್ಲ, ಆದರೆ ಮಗು ಕೈಯನ್ನು ಮೈಗೆ ಒತ್ತಿಕೊಂಡು ಇಳಿಬಿಟ್ಟಿರುತ್ತದೆ, ಬಿಸ್ಕತ್ತು ಕೊಟ್ಟರೆ ಇನ್ನೊಂದು ಕೈ ಚಾಚುತ್ತದೆ. ಗೊತ್ತಿರುವ ಡಾಕ್ಟರು ಒಂದೆರಡು ಕ್ಷಣದಲ್ಲಿ ಕೂರಿಸಿಬಿಡುತ್ತಾರೆ. ನೀವು ತಿರುಚಲು ಹೋಗಬೇಡಿ. ಮಗುವನ್ನು ಎತ್ತುವುದಾದರೆ ಕಂಕುಳಿಗೆ ಕೈ ಕೊಟ್ಟೇ ಎತ್ತಿ.

ಬಿದ್ದು ಕೈ ಊದಿದ್ದರೆ, ಸೊಟ್ಟಗಾಗಿದ್ದರೆ ಮೂಳೆ ಮುರಿದಿದೆ ಅಂತಲೇ ತಿಳಿಯಿರಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಎಳೆದು ನೆಟ್ಟಗೆ ಮಾಡಬೇಡಿ. ದಪ್ಪಗೆ ಮಡಚಿದ ಪೇಪರ್ ಅಥವಾ ರಟ್ಟಿನ ಮೇಲೆ ಕೈ ಹೇಗಿದೆಯೋ ಹಾಗೇ ಇಟ್ಟು, ದುಪಟ್ಟಾದಿಂದ ಸಡಿಲವಾಗಿ ಕಟ್ಟಿ ಕತ್ತಿಗೆ ತೂಗುಹಾಕಿ. ಕಟ್ಟು ಬಿಗಿಯಾಗಿ ಬೆರಳು ತಣ್ಣಗಾದರೆ, ನೀಲಿಯಾದರೆ, ಜುಮ್ಮೆಂದರೆ ರಕ್ತ ಹರಿಯುತ್ತಿಲ್ಲ ಅಂತ ಅರ್ಥ. ಕೂಡಲೇ ಸಡಿಲಿಸಿ. ನಾಟಿ ಕಟ್ಟಿನವರ ಬಳಿ ಹೋಗಿ ಬಿಗಿ ಕಟ್ಟಿಸಿಕೊಂಡು ಬಂದ ಮಕ್ಕಳಿಗೆ ಇದೇ ದೊಡ್ಡ ಅಪಾಯ. ಮೂಳೆಯ ತುದಿಯಲ್ಲಿ ಬೆಳೆಯುವ ಭಾಗಕ್ಕೆ ಪೆಟ್ಟಾಗಿದ್ದರೆ ಮುಂದೆ ಕೈ ಸೊಟ್ಟ ಬೆಳೆಯಬಹುದು. ದಯವಿಟ್ಟು ಮೊದಲು ಎಕ್ಸ್‌ರೇ ತೆಗೆಸಿ. ಹೊರಡುವ ಮುಂಚೆ ಊಟ, ಹಾಲು ಕೊಡಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು.

ಹಲ್ಲು ಉದುರಿದರೆ ಹಾಲುಹಲ್ಲನ್ನು ಮತ್ತೆ ಸಿಕ್ಕಿಸುವಂತಿಲ್ಲ. ಶಾಶ್ವತ ಹಲ್ಲಾದರೆ ಬೇರನ್ನು ಮುಟ್ಟದೆ, ಉಜ್ಜದೆ, ಒಣಗಲು ಬಿಡದೆ ತಣ್ಣನೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಇರಬೇಕು, ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ನಾಯಿ ಪರಚಿದರೂ ಹೇಳಬೇಕು

ಬೈಯುತ್ತಾರೆ ಅಂತ ಮಕ್ಕಳು ಇದೊಂದನ್ನು ಮುಚ್ಚಿಡುತ್ತವೆ. ‘ನಾಯಿ ಕಚ್ಚಿದರೆ, ಉಗುರು ತಾಗಿದರೆ ನನಗೆ ಹೇಳು, ನಾನು ಬೈಯಲ್ಲ’ ಅಂತ ಮೊದಲೇ ಹೇಳಿಟ್ಟಿರಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಪೂರಾ 15 ನಿಮಿಷ ತೊಳೆಯಿರಿ. ಖಾರದಪುಡಿ, ಸುಣ್ಣ ಏನೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆ ಶುರು ಮಾಡಿಸಿ, ಚರ್ಮ ಸೀಳಿದ್ದರೆ, ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ರಕ್ಷಣೆ ಕೊಡುವ ಚುಚ್ಚುಮದ್ದು) ಕೂಡ ಬೇಕಾ ಅಂತ ನೀವೇ ಕೇಳಿ. ಮೊದಲ ಸೂಜಿಯ ನಂತರ ಮಗು ಚೆನ್ನಾಗಿದೆ ಅಂತ ಉಳಿದವನ್ನು ಬಿಡಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಸಾಧ್ಯವಿಲ್ಲ ಅಂದರೂ ತಪ್ಪಿಲ್ಲ.

ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಮೀಸಲಿಡಿ. ಗಾಜ್, ಅಂಟುಪಟ್ಟಿ, ಬ್ಯಾಂಡೇಜ್ ಬಟ್ಟೆ, ಕತ್ತರಿ, ಪ್ಯಾರಾಸಿಟಮಾಲ್ ಸಿರಪ್, ಒಗೆದು ಮಡಚಿದ ಎರಡು ಕರ್ಚೀಫು, ಜೊತೆಗೆ ತಾಯಿ ಕಾರ್ಡಿನ ಜೆರಾಕ್ಸ್. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿ: ಮಗುವಿನ ತೂಕ, ಡಾಕ್ಟರ ನಂಬರ್, 108. ಸಿರಪ್ ಎಷ್ಟು ಎಂಎಲ್ ಅನ್ನುವುದು ತೂಕದ ಮೇಲೆ ಹೋಗುತ್ತದೆ. ಮಗು ಬೆಳೆದ ಹಾಗೆ ಡಾಕ್ಟರನ್ನು ಕೇಳಿ ಆ ಚೀಟಿ ಬದಲಿಸುತ್ತಾ ಇರಿ. ನೀವು ಮನೆಯಲ್ಲಿಲ್ಲದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ, ಪಕ್ಕದ ಮನೆಯವರಿಗೆ ಡಬ್ಬಿ ಎಲ್ಲಿದೆ ಅಂತ ಇವತ್ತೇ ತೋರಿಸಿ.