ಲಡಾಖಿನಿಂದ ಬಂದ ಮೇಲೆ ಮನೆಗೆ ಒಗ್ಗಿಕೊಂಡದ್ದು

ಬೈಕಿನಲ್ಲಿ ಲಡಾಖಿಗೆ ಹೋಗುವುದು ಹೇಗೆಂದು ಹೇಳಿಕೊಡುವವರು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ವಾಪಸು ಬಂದು ಮತ್ತೆ ಸಂಸಾರಸ್ಥನಾಗುವುದನ್ನು ಮಾತ್ರ ಅವರವರೇ ಕಲಿಯಬೇಕು. ನಾನು ಅದಕ್ಕೂ ಒಂದಿಷ್ಟು ತಯಾರಿ ಮಾಡಿಕೊಂಡಿದ್ದೆ.

ಕೊನೆಯ ದಿನ ಬೆಂಗಳೂರಿನಿಂದ ಒಂದೇ ಉಸಿರಿಗೆ ಬರಲಿಲ್ಲ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಹೋಗುವಾಗ ಅದನ್ನು ಶಪಿಸಿದ್ದೆ, ಬರುವಾಗ ಆ ನಿಧಾನವೇ ಹಿತವಾಯಿತು. ಮದ್ದೂರಿನಲ್ಲಿ ವಡೆ ತಿಂದು, ಶ್ರೀರಂಗಪಟ್ಟಣದ ಹತ್ತಿರ ನಿಂತು ಮನೆಗೆ ಫೋನ್ ಮಾಡಿದೆ. ಏನಾದರೂ ತರಬೇಕೇ ಎಂದರೆ, “ಕರಿಬೇವು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತನ್ನಿ” ಎಂದಳು ಹೆಂಡತಿ. ಲಡಾಖಿನ ಖರ್ದುಂಗ್ ಲಾ ಘಾಟಿಯ ಕಥೆ ಹೊತ್ತುಕೊಂಡು ಮನೆ ಹೊಗುವುದಕ್ಕಿಂತ ಸೊಪ್ಪಿನ ಕಟ್ಟು ಹಿಡಿದು ಹೊಗುವುದು ಸಲೀಸು.

ಕಚೇರಿಗೆ ಮರುದಿನವೇ ಓಡದಂತೆ ರಜೆ ಉಳಿಸಿಕೊಂಡಿದ್ದೆ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ, ಮೈಸೂರು ಸುಮಾರು 770ರಲ್ಲಿ. ಉಸಿರಿಗೇನೂ ತೊಂದರೆಯಿರಲಿಲ್ಲ. ಆದರೆ ಅಂಗೈಯಲ್ಲಿ ಹ್ಯಾಂಡಲ್ಲಿನ ನಡುಕ ಉಳಿದುಬಿಟ್ಟಿತ್ತು, ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತಿತ್ತು. ಢಾಬಾಗಳ ಬೆಣ್ಣೆ, ಪರಾಠಗಳಿಂದ ಕೆಟ್ಟಿದ್ದ ಹೊಟ್ಟೆಗೆ ಮುದ್ದೆ, ಬಸ್ಸಾರು, ಊಟದ ಕೊನೆಗೆ ನೀರು ಮಜ್ಜಿಗೆ. ಬೇರೆ ಔಷಧ ಬೇಕಾಗಲಿಲ್ಲ.

ಸಾಮಾನು ಬಿಚ್ಚುವುದನ್ನು ಮುಂದೂಡಬಾರದು, ಇದು ನನ್ನ ಕಟ್ಟುನಿಟ್ಟು. ಚೀಲ ಮೂಲೆಯಲ್ಲಿದ್ದಷ್ಟು ದಿನ ಮನಸ್ಸು ದಾರಿಯಲ್ಲೇ ಇರುತ್ತದೆ. ಮೊದಲು ಬಟ್ಟೆ, ಆಮೇಲೆ ಬೈಕು. ಏರ್ ಫಿಲ್ಟರ್ ಹೊರತೆಗೆದು ನೆಲಕ್ಕೆ ಮೆಲ್ಲಗೆ ಬಡಿದಾಗ ಮನಾಲಿ–ಲೇಹ್ ದಾರಿಯ ‘ಮೋರೆ’ ಎಂಬ ಬಯಲಿನ ಧೂಳು ಗೋಧಿಹಿಟ್ಟಿನಷ್ಟು ನಯವಾಗಿ ಉದುರಿತು. ಮಡಿಕೆಗಳ ಒಳಗೆ ಕೂತದ್ದು ಬರಲೇ ಇಲ್ಲ. ಕಾಗದದ ಫಿಲ್ಟರನ್ನು ತೊಳೆಯುವಂತಿಲ್ಲವಾದ್ದರಿಂದ ಹೊಸದನ್ನೇ ಹಾಕಿಸಿದೆ. ಚೈನಿನ ಕೊಳೆ ತೆಗೆದು 90 ನಂಬರ್ ಗೇರ್ ಆಯಿಲ್ ಹಚ್ಚಿದೆ. ಅರ್ಧ ದಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಇಷ್ಟು ಮಾಡಿದ ಮೇಲೆ ನಡುಕ ಕೈಯಿಂದ ಇಳಿದಂತಾಯಿತು. ಮೆಕ್ಯಾನಿಕ್ಕಿಗೆ ಒಪ್ಪಿಸಿದ್ದರೆ ಇಳಿಯುತ್ತಿರಲಿಲ್ಲವೇನೋ.

ಮನೆಯೊಳಗಿನದು ಬೇರೆ ಲೆಕ್ಕ. ನಾನಿಲ್ಲದಾಗ ಮನೆ ನಿಂತಿರಲಿಲ್ಲ. ಹಾಲು ಅರ್ಧ ಲೀಟರ್ ಕಡಿಮೆಯಾಗಿತ್ತು, ಅಮ್ಮನ ಮಾತ್ರೆಗಳು ಹೊಸ ಡಬ್ಬಿಗೆ ಬಂದಿದ್ದವು, ಕರೆಂಟ್ ಬಿಲ್ಲನ್ನು ಮಗಳು ಮೊಬೈಲಿನಲ್ಲೇ ಕಟ್ಟುತ್ತಿದ್ದಳು, ರಾತ್ರಿ ಊಟ ಎಂಟಕ್ಕೇ ಮುಗಿಯುತ್ತಿತ್ತು. ಯಜಮಾನಿಕೆ ತೋರಿಸಿ ಇದನ್ನೆಲ್ಲ ಹಳೆಯ ದಾರಿಗೆ ಎಳೆಯುವುದು ಅನ್ಯಾಯ. ಬಂದವನೇ ಹೊಂದಿಕೊಳ್ಳಬೇಕು. ದಾರಿಯ ಅಭ್ಯಾಸದಿಂದ ನಸುಕಿನ ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ನೆಲದಡಿಯ ಸಂಪ್‌ಗೆ ನೀರು ಬರುವ ಹೊತ್ತೂ ಅದೇ. ಮೋಟಾರ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸುವ, ಯಾರಿಗೂ ಬೇಡದ ಆ ಕೆಲಸವನ್ನು ನಾನು ಕೇಳಿ ಪಡೆದೆ. ಇಷ್ಟರಿಂದಲೇ ಹೆಂಡತಿಯ ಮುಖ ಸಡಿಲವಾಯಿತು ಎನ್ನಬಹುದು.

ತಲೆಗೆ ಒಗ್ಗುವುದು ಎಲ್ಲಕ್ಕಿಂತ ತಡ. ರಸ್ತೆಯಲ್ಲಿ ದಿನಕ್ಕೊಂದೇ ಪ್ರಶ್ನೆ: ಇವತ್ತು ರಾತ್ರಿ ಎಲ್ಲಿ ತಂಗುವುದು? ಮನೆಯಲ್ಲಿ ತಿಂಡಿಯ ಹೊತ್ತಿಗೇ ಹತ್ತು. ಗ್ಯಾಸ್, ಮದುವೆಯ ಮುಯ್ಯಿ, ಪಕ್ಕದ ಮನೆಯವರ ತೆಂಗಿನ ಗರಿ. ಸಂಜೆಯಾದರೆ ಎಲ್ಲಿಗಾದರೂ ಹೊರಟುಬಿಡೋಣ ಎನ್ನಿಸುತ್ತಿತ್ತು. ಆಗೆಲ್ಲ ಬೈಕಿನ ಕೀಲಿ ಮುಟ್ಟದೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದುಬಂದೆ. ಮುಂದಿನ ಪ್ರವಾಸದ ನಕ್ಷೆಯನ್ನೂ ತೆರೆಯಲಿಲ್ಲ.

ಕಥೆಗಳನ್ನು ಕೇಳಿದವರಿಗಷ್ಟೇ ಹೇಳಿದೆ. ಕಚೇರಿಯವರು ಕೇಳಿದ್ದು ಮೈಲೇಜು. ಅಮ್ಮ ಕೇಳಿದ್ದು, “ಅಲ್ಲೆಲ್ಲ ಮೊಸರು ಸಿಗುತ್ತಿತ್ತೇನೋ?” ಸಿಗುತ್ತಿತ್ತು ಎಂದೆ. ಹುಳಿಯಿತ್ತೇ, ಎಮ್ಮೆಯದೇ, ಅನ್ನದ ಜೊತೆಗೋ ರೊಟ್ಟಿಯ ಜೊತೆಗೋ ಎಂದು ಅವರು ವಿಚಾರಿಸುತ್ತಾ ಹೋದಂತೆ, ಮನಾಲಿಯಿಂದ ಲೇಹ್‌ವರೆಗಿನ ದಾರಿಯನ್ನು ಪೂರ್ತಿ ಹೇಳಿಬಿಟ್ಟಿದ್ದೆ.