ಜೇನುಮೇಣದ ಕ್ಯಾಂಡಲ್‌ಗೆ ಕೊನೆಗೂ ಬಣ್ಣ ಬಂತು

ಮೊನ್ನೆ ಕ್ರಿಸ್ಮಸ್‌ಗೆ ಬೇಳದ ಕಡೆಯ ಮೂರು ಮನೆಯವರು ನನ್ನ ಕೆಂಪು ಕ್ಯಾಂಡಲ್ ಕೇಳಿ ಒಯ್ದರು. ನಲವತ್ತರ ಹತ್ತಿರ ಹೋಯಿತು. "ಜೇನುಮೇಣಕ್ಕೆ ಬಣ್ಣ ಹಿಡಿಯುವುದಿಲ್ಲ, ಸುಮ್ನೆ ಹಾಳು ಮಾಡ್ಬೇಡ" ಎಂದಿದ್ದ ಅಪ್ಪಚ್ಚಿಯೂ (ಚಿಕ್ಕಪ್ಪ) ಎರಡು ತೆಗೆದುಕೊಂಡು ಹೋದರು!

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಡಿಕೆ ತೋಟದಲ್ಲಿ ಹನ್ನೆರಡು ತುಡುವೆ ಜೇನಿನ ಪೆಟ್ಟಿಗೆ ಇವೆ. ತುಡುವೆಯಿಂದ ಮೇಣ ಸಿಗುವುದೇ ಕಡಿಮೆ. ಹಳೇ ಎರಿ (ಜೇನುಗೂಡಿನ ಮೇಣದ ಹಲ್ಲೆ) ಎಲ್ಲ ಕರಗಿಸಿದರೂ ವರ್ಷಕ್ಕೆ ಒಂದೂವರೆ ಕಿಲೋ ಆದರೆ ಜಾಸ್ತಿ. ಉಳಿದದ್ದು ಕಿಲೋಗೆ 600 ರೂಪಾಯಿಯಂತೆ ಕೊಂಡದ್ದು.

ಮೊದಲು ಕೇಕಿಗೆ ಹಾಕುವ ಬಣ್ಣ ಹಾಕಿದೆ. ಅದು ನೀರಿನ ಬಣ್ಣ, ಮೇಣದಲ್ಲಿ ಸೇರಲೇ ಇಲ್ಲ. ಅಡಿಯಲ್ಲಿ ಹನಿಹನಿಯಾಗಿ ಕೂತಿತು, ಹೊತ್ತಿಸಿದರೆ ಚಟಪಟ ಸಿಡಿಯಿತು. ಆಮೇಲೆ ಮಕ್ಕಳ ಕ್ರೇಯಾನ್. ನೋಡಲು ಚೆಂದ, ಆದರೆ ಬತ್ತಿ ಕಟ್ಟಿಕೊಂಡು ಇಪ್ಪತ್ತು ನಿಮಿಷಕ್ಕೆ ಆರಿತು. ಅರಸಿನ ಪುಡಿಯದ್ದೂ ಅದೇ ಕಥೆ. ಹೀಗೆ ಎರಡು ಕಿಲೋ ಮೇಣ ಹೋಯಿತು. ಬತ್ತಿ, ಬಣ್ಣ ಸೇರಿ 1,500 ರೂಪಾಯಿ ನಷ್ಟ. ತುಂಬಾ ಬೇಜಾರಾಗಿತ್ತು.

ದಾರಿ ಸಿಕ್ಕಿದ್ದು ತಲೆಗೆ ಹಚ್ಚುವ ಎಣ್ಣೆಯಿಂದ. ಅಮ್ಮ ತೆಂಗಿನೆಣ್ಣೆಗೆ ರತನ್‌ಜೋತ್ ಬೇರು ಹಾಕಿ ಕಾಯಿಸುವಾಗ ಎಣ್ಣೆ ಕಡುಕೆಂಪಾಯಿತು. ಎಣ್ಣೆಗೆ ಇಳಿಯುವ ಬಣ್ಣ ಮೇಣಕ್ಕೂ ಇಳಿಯಬೇಕು, ಅಲ್ವಾ? ಬೇರನ್ನು ಮೇಣಕ್ಕೇ ಹಾಕಿದೆ. ಸ್ಟೀಲ್ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಟ್ಟೆ. ಹಳೇ ಮುಂಡಿನ ತುಂಡಿನಲ್ಲಿ ಎರಡು ಸಲ ಸೋಸಿದೆ. ಪುಡಿ ಚೂರೂ ಉಳಿಯಬಾರದು, ಉಳಿದರೆ ಮತ್ತೆ ಬತ್ತಿ ಕಟ್ಟುತ್ತದೆ. ರಂಗಮಾಲೆ (ಅನಾಟೊ) ಬೀಜವನ್ನೂ ಹೀಗೇ ಮಾಡಿದೆ, ಒಳ್ಳೆ ಕಿತ್ತಳೆ ಬಣ್ಣ ಬಂತು. ಅವಸರ ಮಾಡಿ ನೇರ ಒಲೆಗಿಟ್ಟ ಒಂದು ಪಾತ್ರೆ ಮೇಣ ಮಾತ್ರ ಕಂದಾಗಿ ಹೋಯಿತು. ಕಬ್ಬಿಣದ ಬಾಣಲೆಯೂ ಬೇಡ, ಮೇಣ ಕಪ್ಪಾಗುತ್ತದೆ.

ಮೇಣ ಹಳದಿ ಇದ್ದರೆ ಕೆಂಪು ಬಣ್ಣವು ಇಟ್ಟಿಗೆಯ ಹಾಗೆ ಕಾಣುತ್ತದೆ. ಅದಕ್ಕೆ ಮಾರ್ಚ್‌ನಲ್ಲಿ ಮೇಣವನ್ನು ತೆಳ್ಳಗೆ ಹೆರೆದು ತಟ್ಟೆಯಲ್ಲಿ ಹರಡಿ, ನೀರು ಚಿಮುಕಿಸಿ ಬಿಸಿಲಿಗಿಟ್ಟೆ. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಅಂಟಿ ಮುದ್ದೆಯಾಯಿತು. ಮರುದಿನದಿಂದ ಬೆಳಗಿನ ಬಿಸಿಲು ಮಾತ್ರ. ಆರೇಳು ದಿನದಲ್ಲಿ ಕೆನೆ ಬಣ್ಣಕ್ಕೆ ತಿರುಗಿತು.

ಬಣ್ಣದ ಮೇಣದಲ್ಲಿ ಇಡೀ ಕ್ಯಾಂಡಲ್ ಎರೆಯುವುದು ದಂಡ. ಒಳಗೆ ಬರೀ ಮೇಣ, ಹೊರಗೆ ಎರಡು ಸಲ ಬಣ್ಣದಲ್ಲಿ ಅದ್ದಿ ತೆಗೆದದ್ದು, ಅಷ್ಟೇ. ಬತ್ತಿಯ ಸುತ್ತ ಶುದ್ಧ ಮೇಣವೇ ಇರುವುದರಿಂದ ಕೊನೆಯವರೆಗೂ ಚೆನ್ನಾಗಿ ಉರಿಯುತ್ತದೆ. 100 ಗ್ರಾಂ ಬೇರು ಐವತ್ತಕ್ಕೂ ಜಾಸ್ತಿ ಕ್ಯಾಂಡಲ್‌ಗೆ ಸಾಕಾಯಿತು. ಒಂದನ್ನು 80 ರೂಪಾಯಿಗೆ ಕೊಟ್ಟೆ. ಅದ್ದುವಾಗ ಮೇಣ ಎಷ್ಟು ಬಿಸಿ ಇರಬೇಕು, ಬೇರಿಗೆ ರಂಗಮಾಲೆ ಎಷ್ಟು ಸೇರಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಅದಕ್ಕೆ ನನಗೆ ಎರಡು ಮಳೆಗಾಲ ಹಿಡಿದಿದೆ.

ನೀಲಿ ಇನ್ನೂ ಕೈಗೆ ಬಂದಿಲ್ಲ. ಶಂಖಪುಷ್ಪ ಒಣಗಿಸಿ ಹಾಕಿದೆ. ಅದು ನೀರಿಗಷ್ಟೇ ಬಣ್ಣ ಬಿಡುವುದು, ಮೇಣ ಇದ್ದ ಹಾಗೇ ಇತ್ತು. ಮುಂದಿನ ಸಲ ನೀಲಿ ಗಿಡದ ಎಲೆ ನೋಡಬೇಕು.