ಪೊಲೊ ಜಿಟಿ ಹತ್ತೊಂಬತ್ತು ಕೊಡುತ್ತದೆ, ಬಿಲ್ಲು ನನ್ನ ಹತ್ತಿರ ಇದೆ

ಕಲಬುರಗಿಯಲ್ಲಿ ಫೋಕ್ಸ್‌ವ್ಯಾಗನ್‌ನ ಪೊಲೊ ಜಿಟಿ ಟಿಎಸ್‌ಐ ಕಾರು ಓಡಿಸುವ ಯಾರನ್ನಾದರೂ ಮೈಲೇಜ್ ಎಷ್ಟು ಅಂತ ಕೇಳಿ. ಲೀಟರ್‌ಗೆ ಹನ್ನೆರಡು ಕಿಲೋಮೀಟರ್, ಬಹಳ ಅಂದರೆ ಹದಿಮೂರು ಅನ್ನುತ್ತಾರೆ. ಊರೊಳಗೆ ಅದು ನಿಜವೇ. ಆದರೆ ಹೈವೇಯಲ್ಲಿ ನನಗೆ ಹತ್ತೊಂಬತ್ತು ಬರುತ್ತದೆ ಎಂದಾಗ ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. "ಕಂಪನಿಯವ್ರೇ 17.2 ಅಂತಾರ, ನಿಮಗ್ ಹ್ಯಾಂಗ ಹತ್ತೊಂಬತ್ತು ಬರ್ತದ್ರಿ ಸರ್? ಮೀಟರ್ ನೋಡಿ ಹೇಳ್ಲಾಕತ್ತೀರಿ, ಅದು ಸುಳ್ ಹೇಳ್ತದ" ಎಂದರು. ಮೀಟರ್ ಸುಳ್ಳು ಹೇಳುತ್ತದೆ ಅನ್ನುವುದು ಸರಿ, ಆದರೆ ನಾನು ಮೀಟರ್ ನೋಡಿ ಹೇಳಿರಲಿಲ್ಲ. ಅದನ್ನು ನಂಬಿಸಲು ಬಹಳ ಸಮಯ ಹಿಡಿಯಿತು, ದುಡ್ಡೂ ಹೋಯಿತು.

ಗಾಡಿ 2017ರದ್ದು, ಸೆಕೆಂಡ್ ಹ್ಯಾಂಡ್. 1.2 ಲೀಟರ್ ಟರ್ಬೊ, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್, 45 ಲೀಟರ್ ಟ್ಯಾಂಕ್. ಇದನ್ನು ತಗೊಂಡವರು ಯಾರೂ ಮೈಲೇಜ್‌ಗಾಗಿ ತಗೊಂಡಿರುವುದಿಲ್ಲ, ನಾನೂ ಅಷ್ಟೇ. ಆದರೆ ಬೆಂಗಳೂರಿಗೆ ಪದೇ ಪದೇ ಹೋಗಬೇಕಾದಾಗ ಪೆಟ್ರೋಲ್ ಬಿಲ್ಲು ಕಣ್ಣಿಗೆ ಬೀಳಲು ಶುರುವಾಯಿತು.

ಮೊದಲು ಎಂಐಡಿ, ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತೋರಿಸುವ ಮೀಟರ್. ನನ್ನ ಗಾಡಿಯಲ್ಲಿ ಅದು ನಿಜಕ್ಕಿಂತ ನೂರಕ್ಕೆ ಆರೇಳರಷ್ಟು ಜಾಸ್ತಿ ತೋರಿಸುತ್ತದೆ. ಹೋಗಲಿ, ಯಾವಾಗಲೂ ಅಷ್ಟೇ ಜಾಸ್ತಿ ತೋರಿಸಿದ್ದರೆ ಕಳೆದು ಲೆಕ್ಕ ಹಾಕಬಹುದಿತ್ತು. ಊರೊಳಗೆ ಒಂದು ತರಹ, ಹೈವೇಯಲ್ಲಿ ಇನ್ನೊಂದು ತರಹ. ಬಿಟ್ಟೆ.

ಆಮೇಲೆ ಡಾಂಗಲ್, ಅಂದರೆ ಗಾಡಿಗೆ ಚುಚ್ಚಿದರೆ ಎಂಜಿನ್ನಿನ ಅಂಕಿಗಳನ್ನು ಫೋನಿನ ಆ್ಯಪ್‌ಗೆ ಕಳಿಸುವ ಡಬ್ಬಿ. ಆನ್‌ಲೈನಿನಲ್ಲಿ ಆರುನೂರು ರೂಪಾಯಿಗೆ ಸಿಗುವ ಇಎಲ್‌ಎಂ327 ಅನ್ನುವ ನೀಲಿ ಡಬ್ಬಿ ತರಿಸಿದೆ. ಅರ್ಧ ದಾರಿಯಲ್ಲಿ ಬ್ಲೂಟೂತ್ ಕಡಿದುಹೋಗುತ್ತಿತ್ತು. ಎರಡೂವರೆ ಸಾವಿರದ ಇನ್ನೊಂದು ತಂದೆ. ಅದು ಕಡಿಯಲಿಲ್ಲ, ಆದರೆ ಅಂಕಿ ಸರಿ ಬರಲಿಲ್ಲ. ಕಾರಣ ಡಬ್ಬಿಯದಲ್ಲ. ಈ ಎಂಜಿನ್‌ನಲ್ಲಿ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇಲ್ಲ, ಮ್ಯಾನಿಫೋಲ್ಡಿನ ಒತ್ತಡ ನೋಡುವ ಎಂಎಪಿ ಇದೆ. ಹಾಗಾಗಿ ಆ್ಯಪ್ ಒಂದು ಅಂದಾಜು ಹಾಕಿಕೊಂಡು ಪೆಟ್ರೋಲ್ ಲೆಕ್ಕ ಮಾಡುತ್ತದೆ. ಆ ಅಂದಾಜಿನ ಅಂಕಿಯನ್ನು ತಿರುಗಿಸುತ್ತಾ ಕೂತರೆ ಹದಿನಾರೂ ಬರುತ್ತದೆ, ಇಪ್ಪತ್ತೆರಡೂ ಬರುತ್ತದೆ, ನಿಮಗೆ ಬೇಕಾದ್ದು ಬರುತ್ತದೆ. ಈಗ ಆ ಡಬ್ಬಿ ಎಂಜಿನ್ ಬಿಸಿ ನೋಡಲು ಮಾತ್ರ.

ಮೂರನೆಯದು ಎಲ್ಲರೂ ಮಾಡುವ ಫುಲ್ ಟ್ಯಾಂಕ್ ಟು ಫುಲ್ ಟ್ಯಾಂಕ್. ಇಲ್ಲೇ ಜನ ಎಡವುವುದು. ಕಲಬುರಗಿಯಲ್ಲಿ ಫುಲ್, ಹೊಸಪೇಟೆಯಲ್ಲಿ ಫುಲ್, ಭಾಗಿಸು. ನನಗೆ ಹೀಗೆ ಒಮ್ಮೆ 23 ಬಂತು, ಮುಂದಿನ ಟ್ಯಾಂಕಿಗೆ 16! ಪಂಪ್ ಬದಲಾದರೆ ಆಟೊ ಕಟ್ (ಟ್ಯಾಂಕ್ ತುಂಬಿದಾಗ ನಾಝಲ್ ತಾನೇ ನಿಲ್ಲುವುದು) ಆಗುವ ಜಾಗವೂ ಬದಲಾಗುತ್ತದೆ. ನಾಝಲ್‌ನ ವೇಗ, ಗಾಡಿ ನಿಂತ ನೆಲದ ಇಳಿಜಾರು, ಹುಡುಗ ನಾಝಲ್ ಎಷ್ಟು ಒಳಗೆ ಚುಚ್ಚಿದ್ದಾನೆ, ಇವೆಲ್ಲ ಸೇರಿ ಒಂದು ಲೀಟರ್, ಕೆಲವೊಮ್ಮೆ ಒಂದೂವರೆ ಲೀಟರ್ ಆಚೀಚೆ. ಹತ್ತು ಲೀಟರ್ ಹಾಕಿಸಿ ಲೆಕ್ಕ ಮಾಡುವವನಿಗೆ ಒಂದು ಲೀಟರ್ ಅಂದರೆ ನೂರಕ್ಕೆ ಹತ್ತು. ಅದರ ಮೇಲೆ ಜಗಳ ಆಡುವುದರಲ್ಲಿ ಅರ್ಥ ಇದೆಯಾ?

ಹಾಗಾಗಿ ಕೊನೆಗೆ ನಾನು ಮಾಡಿದ್ದು ಬಹಳ ಸರಳ. ಹೊರಡುವಾಗ ಊರಲ್ಲಿ ಒಂದು ಪಂಪ್, ಒಂದೇ ನಾಝಲ್, ಮೊದಲ ಕಟ್‌ಗೆ ನಿಲ್ಲಿಸುವುದು. ವಾಪಸ್ ಬಂದ ಮೇಲೆ ಅದೇ ಪಂಪ್, ಅದೇ ನಾಝಲ್, ಗಾಡಿ ಅದೇ ಮುಖ ಮಾಡಿ ನಿಂತಿರಬೇಕು, ಮೊದಲ ಕಟ್. ನಡುವೆ ಎಲ್ಲಿ ಬೇಕಾದರೂ ಎಷ್ಟು ಬೇಕಾದರೂ ಹಾಕಿಸಿ, ಫುಲ್ ಮಾಡಲೇಬೇಕು ಅಂತಿಲ್ಲ, ಬಿಲ್ಲು ಮಾತ್ರ ಇಟ್ಟುಕೊಳ್ಳಿ. ಎಲ್ಲ ಲೀಟರ್ ಕೂಡಿಸಿ. ಬೆಂಗಳೂರಿಗೆ ಹೋಗಿ ಬಂದರೆ ಎಪ್ಪತ್ತು ಲೀಟರ್ ದಾಟುತ್ತದೆ. ಅದರಲ್ಲಿ ಒಂದು ಲೀಟರ್ ತಪ್ಪಿದರೂ ನೂರಕ್ಕೆ ಒಂದೂವರೆ ಅಷ್ಟೇ. ಆ ಪಂಪ್ ಯಾವುದು ಅಂತ ಮಾತ್ರ ಹೇಳುವುದಿಲ್ಲ, ಅಲ್ಲಿ ಈಗಲೇ ಕ್ಯೂ ಜಾಸ್ತಿ. ಕಟ್ ಆದ ಮೇಲೂ "ಇನ್ನ ಸ್ವಲ್ಪ ಹಾಕು" ಅನ್ನುವ ಚಟ ಬಿಡಿ. ಹೆಚ್ಚಾದ ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್‌ಗೆ ಹೋಗಿ ಅದನ್ನೇ ಹಾಳು ಮಾಡುತ್ತದೆ.

ಹೋಗಿ ಬರುವುದು ಎರಡೂ ಸೇರಲೇಬೇಕು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್, ಬೆಂಗಳೂರು 900ರ ಹತ್ತಿರ. ಗಾಡಿಯನ್ನು ಅಷ್ಟು ಎತ್ತರಕ್ಕೆ ಏರಿಸಲು ಅರ್ಧ ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಬರುವಾಗಿನ ಅಂಕಿಯನ್ನು ಮಾತ್ರ ಹೇಳಿ ಮೀಸೆ ತಿರುವುವವರು ಬಹಳ ಇದ್ದಾರೆ.

ಇನ್ನು ಕಿಲೋಮೀಟರ್. ನಾನು 185/60 ತೆಗೆದು 195/60 ಆರ್15 ಟಯರ್ ಹಾಕಿಸಿದ್ದೇನೆ, ನಾಲ್ಕಕ್ಕೆ ಇಪ್ಪತ್ತೈದು ಸಾವಿರದ ಹತ್ತಿರ ಆಯಿತು. ಸುತ್ತಳತೆ ನೂರಕ್ಕೆ ಎರಡರಷ್ಟು ದೊಡ್ಡದು, ಅಂದರೆ ಓಡೊಮೀಟರ್ ಅಷ್ಟು ಕಡಿಮೆ ಎಣಿಸುತ್ತದೆ. ಹೊಸಪೇಟೆ–ಚಿತ್ರದುರ್ಗ ನಡುವೆ ಹೈವೇಯ ಕಿಲೋಮೀಟರ್ ಕಲ್ಲು ನೋಡುತ್ತಾ, ಫೋನಿನ ಜಿಪಿಎಸ್ ಹಚ್ಚಿಕೊಂಡು ತಾಳೆ ಹಾಕಿದೆ. ಹಳೆ ಟಯರಿನಲ್ಲಿ ನೂರಕ್ಕೆ ಒಂದು ಜಾಸ್ತಿ ತೋರಿಸುತ್ತಿತ್ತು, ಹೊಸದರಲ್ಲಿ ಒಂದು ಕಡಿಮೆ. ಟಯರ್ ಬದಲಿಸಿದ ಮೇಲೆ ಮೈಲೇಜ್ ಬಿತ್ತು ಎಂದು ಅಳುವವರು ಮೊದಲು ಇದನ್ನು ನೋಡಿಕೊಳ್ಳಿ.

ದಾರಿ: ಜೇವರ್ಗಿ, ಸಿಂದಗಿ, ವಿಜಯಪುರ, ಅಲ್ಲಿಂದ ಇಳಕಲ್, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ, ತುಮಕೂರು. ಸುಮಾರು 680 ಕಿಲೋಮೀಟರ್. ಲಿಂಗಸುಗೂರು ಕಡೆಯಿಂದ ಹೋದರೆ ಕಡಿಮೆ ಆಗುತ್ತದೆ, ಗೊತ್ತು. ಆದರೆ ವಿಜಯಪುರದಿಂದ ಪೂರ್ತಿ ನಾಲ್ಕು ಲೇನ್ ಸಿಗುತ್ತದೆ, ಏಳನೇ ಗೇರಿನಲ್ಲಿ ಇಟ್ಟರೆ ಇಟ್ಟಂತೆ. ವಿಜಯಪುರದವರೆಗೆ ಮಾತ್ರ ಹಂಪ್‌ಗಳು, ಚಳಿಗಾಲದಲ್ಲಿ ಎರಡೆರಡು ಟ್ರಾಲಿ ಎಳೆಯುವ ಕಬ್ಬಿನ ಟ್ರ್ಯಾಕ್ಟರ್‌ಗಳು. ಅಲ್ಲಿ ಯಾರು ಓಡಿಸಿದರೂ ಅಷ್ಟೇ.

ಅಂಕಿ, ನೆನಪಿನಿಂದ ಹೇಳುತ್ತಿದ್ದೇನೆ, ಎಲ್ಲ ಜಿಪಿಎಸ್ ವೇಗ. 85–90ರಲ್ಲಿ ಹತ್ತೊಂಬತ್ತೂವರೆ. 100ರಲ್ಲಿ ಹದಿನೇಳರ ಮೇಲೆ. 115ರ ಮೇಲೆ ಹೊಡೆದಾಗ ಹದಿನಾಲ್ಕು ಚಿಲ್ಲರೆ. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದಂತೆ ಏರುತ್ತದೆ, ಹಾಗಾಗಿ ಇದರಲ್ಲಿ ಆಶ್ಚರ್ಯ ಏನಿಲ್ಲ. ದುಡ್ಡಿನ ಲೆಕ್ಕದಲ್ಲಿ ನೋಡಿ: ಲೀಟರ್‌ಗೆ 103 ಹಿಡಿದರೆ ಹೋಗಿ ಬರಲು ಹತ್ತೊಂಬತ್ತರಲ್ಲಿ ಏಳು ಸಾವಿರದ ನಾನೂರರ ಹತ್ತಿರ, ಹದಿನಾಲ್ಕರಲ್ಲಿ ಹತ್ತು ಸಾವಿರ. ಸಮಯ? ಒಂದು ಕಡೆಗೆ ಒಂದೂವರೆ ತಾಸು ಉಳಿಯಬೇಕು ಅನ್ನಿಸುತ್ತದೆ, ಆದರೆ ಟೋಲ್, ಊಟ, ಚಹಾ ಎಲ್ಲ ಸೇರಿ ನನಗೆ ಒಂದು ತಾಸಿನ ಮೇಲೆ ಉಳಿದದ್ದಿಲ್ಲ. ಕಾರಿಗೆ ನೂರರ ಮಿತಿ ಇರುವ ರಸ್ತೆಯಲ್ಲಿ ದಂಡದ ಮೆಸೇಜೂ ಬರುತ್ತದೆ.

ಗಾಡಿಯೇ ಒಂದೇ ವೇಗ ಹಿಡಿದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿದರೆ ಮೈಲೇಜ್ ಜಾಸ್ತಿ ಅನ್ನುತ್ತಾರೆ. ಸಪಾಟ ರಸ್ತೆಯಲ್ಲಿ ಇರಬಹುದು. ಏರಿಳಿತ ಇರುವಲ್ಲಿ ಅದು ಏರು ಬಂದ ಕೂಡಲೇ ಗೇರ್ ಇಳಿಸಿ ಟರ್ಬೊ ಉಬ್ಬಿಸುತ್ತದೆ. ನಾನು ಏರಿನಲ್ಲಿ ಎಂಟ್ಹತ್ತು ಕಿಲೋಮೀಟರ್ ವೇಗ ಬೀಳಲು ಬಿಟ್ಟು ಇಳಿಜಾರಿನಲ್ಲಿ ವಾಪಸ್ ಪಡೆಯುತ್ತೇನೆ. ಟಯರ್ ಗಾಳಿ ಎಷ್ಟು ಇಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕಂಪನಿಯ ಸ್ಟಿಕ್ಕರಿನಲ್ಲಿ ಬರೆದ ಮಿತಿಯ ಒಳಗೇ ಇದೆ, ಅಷ್ಟು ಹೇಳಬಲ್ಲೆ.

ಹೈದರಾಬಾದ್ ರಸ್ತೆಯಲ್ಲಿ ಇನ್ನೊಂದು ಪಾಠ. ಕಮಲಾಪುರ, ಹುಮನಾಬಾದ್, ಜಹೀರಾಬಾದ್ ಕಡೆ ಆಷಾಢದಲ್ಲಿ ಪಡುವಣ ಗಾಳಿ ಜೋರು. ಹೋಗುವಾಗ ಬೆನ್ನಿಗೆ, ಬರುವಾಗ ಮುಖಕ್ಕೆ. ಅದೇ ವೇಗ, ಅದೇ ಎಸಿ, ಹೋಗುವಾಗ ಇಪ್ಪತ್ತರ ಮೇಲೆ, ಬರುವಾಗ ಹದಿನೇಳು. ಆ ದಾರಿಯಲ್ಲಿ ನಾನು ಗಡಿ ದಾಟುವ ಮುಂಚೆ ಮನ್ನಾಎಖೇಳ್ಳಿ ಕಡೆ ಟ್ಯಾಂಕ್ ತುಂಬಿಸುತ್ತೇನೆ, ತೆಲಂಗಾಣದಲ್ಲಿ ಪೆಟ್ರೋಲ್ ಲೀಟರ್‌ಗೆ ನಾಲ್ಕು ರೂಪಾಯಿಯಷ್ಟು ತುಟ್ಟಿ.

ನಡುನಡುವೆ ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ತುಟ್ಟಿಯ 95 ಆಕ್ಟೇನ್ ಪೆಟ್ರೋಲ್ ಹಾಕಿ ಓಡಿಸಿದೆ. ಎಂಜಿನ್ ಸ್ವಲ್ಪ ನಯವಾಯಿತು ಅನ್ನಿಸಿತು, ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ, ಕೊಟ್ಟ ಹೆಚ್ಚಿನ ರೊಕ್ಕ ವಾಪಸ್ ಬರಲಿಲ್ಲ. ಐದು ಸಾವಿರದ ಪರ್ಫಾರ್ಮೆನ್ಸ್ ಏರ್ ಫಿಲ್ಟರ್ ಸದ್ದು ಮಾತ್ರ ಕೊಟ್ಟಿತು. ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುವುದನ್ನೂ ಪರೀಕ್ಷಿಸಿದೆ, ಹಾಗೇನಿಲ್ಲ. ಪಂಪಿನ ಟ್ಯಾಂಕ್ ನೆಲದ ಕೆಳಗೆ ಇರುತ್ತದೆ, ನಮ್ಮ ಮೇ ತಿಂಗಳ 43 ಡಿಗ್ರಿ ಅಲ್ಲಿಗೆ ಇಳಿಯುವುದಿಲ್ಲ. ಎಸಿ ಬಂದ್ ಮಾಡಿದರೆ ಲೀಟರ್‌ಗೆ ಒಂದು ಕಿಲೋಮೀಟರ್ ಉಳಿಯಬಹುದು, ಆದರೆ ಕಿಟಕಿ ತೆಗೆದರೆ ಆ ಉಳಿಕೆಯೂ ಗಾಳಿಗೆ ಹೋಯಿತು. ಬೇಸಿಗೆಯಲ್ಲಿ ಇದನ್ನು ಮಾಡಬೇಡಿ, ಮನೆಯವರು ಎರಡನೇ ಸಲ ಗಾಡಿ ಹತ್ತುವುದಿಲ್ಲ.

ಕೊನೆಗೆ ಗ್ಯಾರೇಜಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಕಾಕಾ ಒಬ್ಬರನ್ನೇ ಬೆಂಗಳೂರಿಗೆ ಕರೆದುಕೊಂಡು ಹೋದೆ. ನಾಝಲ್ ಕಟ್ ಆಗುವುದನ್ನು ಅವರೇ ನೋಡಿದರು, ಬಿಲ್ಲುಗಳು ಅವರ ಜೇಬಿನಲ್ಲೇ ಇದ್ದವು. ವಾಪಸ್ ಬಂದು ಅದೇ ಪಂಪಿನಲ್ಲಿ ತುಂಬಿಸಿ ಅವರ ಫೋನಿನಲ್ಲೇ ಭಾಗಿಸಿದೆವು. 19.3 ಬಂತು. "ತಮ್ಮಾ, ಇಷ್ಟು ನಿಧಾನ ಹೊಡಿಯೋದಾದ್ರ ಜಿಟಿ ಯಾಕ ತಗೊಂಡಿ?" ಎಂದರು. ಅದು ಬೇರೆ ಪ್ರಶ್ನೆ.

ಈಗ ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಅದೇ ದಾರಿ, ಅದೇ ವೇಗದಲ್ಲಿ ಹದಿನೆಂಟೂವರೆಯ ಆಸುಪಾಸು ನಿಂತಿದೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಹಾಗಾಗಿ ಅಷ್ಟು ಬೀಳಲೇಬೇಕು. 1.0 ಲೀಟರ್ ಟಿಎಸ್‌ಐ ಇರುವವರು ಹೀಗೇ ಬಿಲ್ಲು ಕೂಡಿಸಿ ನೋಡಿದ್ದರೆ ಅಂಕಿ ಹೇಳಿ. ಮೀಟರಿನ ಫೋಟೊ ಮಾತ್ರ ಬೇಡ.